ಮೂಳೆ ಕೂಡುವಾಗ ಆಂಟಿಆಕ್ಸಿಡೆಂಟ್ ಮಾತ್ರೆ ಬೇಕಾ?

ಪ್ರಶ್ನೆ: ಮೊಣಕಾಲಿನ ಕೆಳಗಿನ ಮೂಳೆ ಮುರಿದು ಐದು ವಾರ ಆಯ್ತು. ಪ್ಲಾಸ್ಟರ್ ಹಾಕಿದ್ದಾರೆ. ಫ್ರೀ ರಾಡಿಕಲ್‌ಗಳು ಮೂಳೆ ಕೂಡೋಕೆ ಬಿಡಲ್ಲ, ಆಂಟಿಆಕ್ಸಿಡೆಂಟ್ ಮಾತ್ರೆ ಶುರು ಮಾಡು ಅಂತ ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಆದರೆ ‘ರೆಡಾಕ್ಸ್ ಸಿಗ್ನಲಿಂಗ್’ ಇಲ್ಲದೆ ಮೂಳೆ ಬೆಳೆಯೋದೂ ಇಲ್ಲ, ಕೂಡೋದೂ ಇಲ್ಲ ಅಂತ ಇನ್ನೊಂದು ಕಡೆ ಓದಿದೆ. ಇವೆರಡೂ ಒಂದಕ್ಕೊಂದು ಉಲ್ಟಾ ಅಲ್ವಾ? ಯಾವುದನ್ನು ನಂಬಲಿ? ಅಂದ ಹಾಗೆ, ದಿನಕ್ಕೆ ನಾಲ್ಕೈದು ಸಿಗರೇಟು ಸೇದುತ್ತೇನೆ. ಅದೂ ಈ ಲೆಕ್ಕಕ್ಕೆ ಸೇರುತ್ತದಾ?

ಉತ್ತರ: ನೀವು ಕೇಳಿದ್ದೂ ನಿಜ, ಓದಿದ್ದೂ ನಿಜ. ಮಾತ್ರೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ವೈದ್ಯರು ಬರೆದುಕೊಡದೆ ಶುರು ಮಾಡಬೇಡಿ. ಅದರಲ್ಲೂ ಸಿಗರೇಟು ಸೇದುವವರು ಒಂದು ಬಗೆಯ ಮಾತ್ರೆಯಿಂದ ದೂರವೇ ಇರಬೇಕು. ಅದು ಯಾವುದು ಅನ್ನೋದು ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ನಿಮ್ಮ ಕಾಲಿನೊಳಗೆ ಈಗ ಏನು ನಡೀತಿದೆ ಅಂತ ನೋಡೋಣ.

‘ರೆಡಾಕ್ಸ್’ ಅನ್ನೋ ಪದ ಸ್ವಲ್ಪ ಹೆದರಿಸುತ್ತದೆ. ಅದು ಎಲೆಕ್ಟ್ರಾನ್‌ಗಳ ಕೊಡು-ಕೊಳ್ಳುವ ವ್ಯವಹಾರ, ಅಷ್ಟೇ. ಎಲೆಕ್ಟ್ರಾನ್ ಕಳೆದುಕೊಂಡದ್ದು ಆಕ್ಸಿಡೈಸ್ ಆಯಿತು ಅನ್ನುತ್ತೇವೆ, ಪಡೆದದ್ದು ರೆಡ್ಯೂಸ್ ಆಯಿತು ಅನ್ನುತ್ತೇವೆ. ನಾವು ಉಸಿರಾಡಿದ ಆಮ್ಲಜನಕದ ಒಂದು ಅಣು ಜೀವಕೋಶದ ಒಳಗೆ ನಾಲ್ಕು ಎಲೆಕ್ಟ್ರಾನ್ ಪಡೆದು ನೀರಾಗಬೇಕು. ಬಹುಪಾಲು ಹಾಗೇ ಆಗುತ್ತದೆ. ಕೆಲವು ಸಲ ಲೆಕ್ಕ ನಡುವೆಯೇ ನಿಂತುಬಿಡುತ್ತದೆ. ಒಂದೇ ಎಲೆಕ್ಟ್ರಾನ್ ಸಿಕ್ಕರೆ ಸೂಪರ್‌ಆಕ್ಸೈಡ್. ಎರಡು ಸಿಕ್ಕರೆ ಹೈಡ್ರೋಜನ್ ಪೆರಾಕ್ಸೈಡ್. ಮೂರು ಸಿಕ್ಕರೆ ಹೈಡ್ರಾಕ್ಸಿಲ್ ರಾಡಿಕಲ್. ಮೂರನ್ನೂ ಜನ ‘ಫ್ರೀ ರಾಡಿಕಲ್’ ಅಂತ ಒಂದೇ ಚೀಲಕ್ಕೆ ತುಂಬುತ್ತಾರೆ. ಗೊಂದಲ ಶುರುವಾಗೋದೇ ಅಲ್ಲಿ, ಯಾಕಂದರೆ ಮೂರರ ಸ್ವಭಾವವೂ ಬೇರೆ ಬೇರೆ.

ಹೈಡ್ರಾಕ್ಸಿಲ್ ರಾಡಿಕಲ್ ನಿಜಕ್ಕೂ ಪುಂಡ. ಹುಟ್ಟಿದ ಜಾಗದಲ್ಲೇ, ಪಕ್ಕದಲ್ಲಿ ಏನು ಸಿಕ್ಕರೂ ಅದರ ಮೇಲೆ ಬೀಳುತ್ತದೆ. ಡಿಎನ್‌ಎ ಆದರೂ ಸರಿ, ಕೊಬ್ಬಾದರೂ ಸರಿ. ಹೈಡ್ರೋಜನ್ ಪೆರಾಕ್ಸೈಡ್ ಹಾಗಲ್ಲ, ಅದಕ್ಕೆ ತಾಳ್ಮೆ ಇದೆ. ಸ್ವಲ್ಪ ದೂರ ಹೋಗಬಲ್ಲದು, ಕೋಶದ ಪೊರೆಯನ್ನೂ ದಾಟಬಲ್ಲದು, ಆಯ್ದ ಕೆಲವು ಪ್ರೊಟೀನ್‌ಗಳನ್ನು ಮಾತ್ರ ಮುಟ್ಟುತ್ತದೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವುದಕ್ಕೆ ಮಾತ್ರ ಫ್ರೀ ರಾಡಿಕಲ್ ಅನ್ನುತ್ತಾರೆ, ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಅದು ಫ್ರೀ ರಾಡಿಕಲ್ಲೇ ಅಲ್ಲ! ಮೂಳೆಯ ಕಥೆಯಲ್ಲಿ ಮುಖ್ಯ ಪಾತ್ರ ಅದರದ್ದೇ.

ಈ ಮೂರಕ್ಕೂ ಇಷ್ಟು ಕೆಟ್ಟ ಹೆಸರು ಬಂದದ್ದಕ್ಕೆ ಒಂದು ಹಿನ್ನೆಲೆ ಇದೆ. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಅನ್ನೋ ವಿಜ್ಞಾನಿ, ಫ್ರೀ ರಾಡಿಕಲ್‌ಗಳಿಂದಲೇ ನಮಗೆ ಮುಪ್ಪು ಬರುತ್ತದೆ ಅಂತ ಬರೆದರು. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್, ಸೂಪರ್‌ಆಕ್ಸೈಡನ್ನು ತೆಗೆದುಹಾಕುವುದಕ್ಕೆಂದೇ ಇರುವ ಕಿಣ್ವವನ್ನು ಕಂಡುಹಿಡಿದರು. ದೇಹ ಒಂದು ವಸ್ತುವನ್ನು ತೆಗೆಯಲು ಕಿಣ್ವವನ್ನೇ ಇಟ್ಟುಕೊಂಡಿದೆ ಅಂದರೆ ಆ ವಸ್ತು ವಿಷವೇ ಇರಬೇಕು ಅಂತ ಎಲ್ಲರೂ ಅಂದುಕೊಂಡರು. 1985ರಲ್ಲಿ ಹೆಲ್ಮುಟ್ ಸೀಸ್ ‘ಆಕ್ಸಿಡೇಟಿವ್ ಸ್ಟ್ರೆಸ್’ ಅನ್ನೋ ಮಾತನ್ನು ಬಳಕೆಗೆ ತಂದರು. ಮಾತ್ರೆ ಮಾರುವವರಿಗೆ ಇಷ್ಟು ಸಾಕಾಯಿತು.

ಆದರೆ ಇದೇ ವಸ್ತುಗಳನ್ನು ಬೇಕಂತಲೇ ತಯಾರಿಸುವ ಕಿಣ್ವಗಳೂ ನಮ್ಮ ಕೋಶಗಳಲ್ಲಿ ಸಿಕ್ಕವು. ಅವುಗಳ ಗುಂಪಿಗೆ ನಾಕ್ಸ್ ಅಂತ ಹೆಸರು. ಬಿಳಿ ರಕ್ತಕಣಗಳಲ್ಲಿ ಇವು ಇರುವುದು ಮೊದಲೇ ಗೊತ್ತಿತ್ತು, ರೋಗಾಣುಗಳನ್ನು ಸಾಯಿಸಲು ಬೇಕಲ್ವಾ. ಆಮೇಲೆ ನೋಡಿದರೆ ರಕ್ತನಾಳದಲ್ಲೂ ಇವೆ, ಮೃದ್ವಸ್ಥಿಯಲ್ಲೂ ಇವೆ, ಮೂಳೆಯ ಕೋಶಗಳಲ್ಲೂ ಇವೆ. ಅಲ್ಲಿ ಸಾಯಿಸಲು ಯಾರೂ ಇಲ್ಲ. ಹಾಗಾದರೆ ತಯಾರಿಸುವುದು ಯಾಕೆ? ಸುದ್ದಿ ಕಳಿಸಲು.

ಸುದ್ದಿ ಹೇಗೆ ಮುಟ್ಟುತ್ತದೆ ಅನ್ನೋದು ನನಗಂತೂ ಬಹಳ ಇಷ್ಟವಾದ ಭಾಗ. ಪ್ರೊಟೀನ್‌ಗಳಲ್ಲಿ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಇರುತ್ತದೆ. ಅದರ ತುದಿಯಲ್ಲಿ ಗಂಧಕದ ಪರಮಾಣು. ಪೆರಾಕ್ಸೈಡ್ ಬಂದು ಆ ಗಂಧಕವನ್ನು ಆಕ್ಸಿಡೈಸ್ ಮಾಡಿದರೆ ಪ್ರೊಟೀನಿನ ಕೆಲಸ ಬದಲಾಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ‘ಬೆಳೆ’ ಅನ್ನೋ ಸಂಕೇತಕ್ಕೆ ಬ್ರೇಕ್ ಹಾಕುವ ಫಾಸ್ಫಟೇಸ್ ಎಂಬ ಕಿಣ್ವಗಳಿವೆ. ಪೆರಾಕ್ಸೈಡ್ ಮುಟ್ಟಿದಾಗ ಆ ಬ್ರೇಕ್ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಬೆಳವಣಿಗೆಯ ಸಂಕೇತ ಮುಂದೆ ಹೋಗುತ್ತದೆ. ಆಮೇಲೆ ಕೋಶದಲ್ಲೇ ಇರುವ ಥಯೋರೆಡಾಕ್ಸಿನ್, ಗ್ಲುಟಾಥಯೋನ್ ಅನ್ನೋ ಅಣುಗಳು ಬಂದು ಗಂಧಕವನ್ನು ಮೊದಲಿನಂತೆ ಮಾಡುತ್ತವೆ, ಬ್ರೇಕ್ ಮತ್ತೆ ಬೀಳುತ್ತದೆ. ಅಂದರೆ ನಾವು ‘ಆಂಟಿಆಕ್ಸಿಡೆಂಟ್’ ಅಂತ ಕರೆಯುವ ಗ್ಲುಟಾಥಯೋನ್ ಈ ಸುದ್ದಿಯ ಶತ್ರುವಲ್ಲ. ಹೇಳಿದ ಮಾತನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದು ಅದರ ಕೆಲಸ.

ಎಲ್ಲ ನಿಂತಿರುವುದು ಪ್ರಮಾಣದ ಮೇಲೆ. ಆರೋಗ್ಯವಾಗಿರುವ ಕೋಶದ ಒಳಗೆ ಪೆರಾಕ್ಸೈಡ್ ಸುಮಾರು 1ರಿಂದ 10 ನ್ಯಾನೋಮೋಲಾರ್ (ತೀರಾ ಸಣ್ಣ ಪ್ರಮಾಣದ ಅಳತೆ ಇದು) ಇರುತ್ತದೆ. ಸಂಕೇತ ಬಂದಾಗ 100ರ ಹತ್ತಿರಕ್ಕೆ ಏರಬಹುದು. ಅದಕ್ಕಿಂತ ಜಾಸ್ತಿಯಾಗಿ ಅಲ್ಲೇ ಉಳಿದುಬಿಟ್ಟರೆ ಹಾನಿ ಶುರು. ಗೆಳೆಯರು ಹೇಳಿದ್ದು ಈ ಮೇಲಿನ ತುದಿಯ ಕಥೆ. ನೀವು ಓದಿದ್ದು ಕೆಳಗಿನ ತುದಿಯದ್ದು.

ಈಗ ಮೂಳೆಗೆ ಬರೋಣ. ಕೈಕಾಲಿನ ಉದ್ದ ಮೂಳೆಗಳು ಗರ್ಭದಲ್ಲಿ ರೂಪುಗೊಳ್ಳಲು ಶುರುವಾದಾಗ ಮೂಳೆಯಾಗಿ ಇರುವುದಿಲ್ಲ. ಮೊದಲು ಮೃದ್ವಸ್ಥಿಯ ಅಚ್ಚು ತಯಾರಾಗುತ್ತದೆ. ಆ ಅಚ್ಚಿನಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಒಳಗೆ ಆಮ್ಲಜನಕ ಬಹಳ ಕಡಿಮೆ. ಅಲ್ಲಿ ಕೋಶಗಳು ಬದುಕುವುದು ಹಿಫ್ ಅನ್ನೋ ಪ್ರೊಟೀನಿನಿಂದ. ಆಮ್ಲಜನಕ ಬೇಕಾದಷ್ಟಿದ್ದಾಗ ಹಿಫ್ ಹುಟ್ಟಿದ ಹಾಗೇ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಉಳಿದುಕೊಂಡು ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಇಲಿಗಳ ಮೃದ್ವಸ್ಥಿಯಲ್ಲಿ ಹಿಫ್ ಇಲ್ಲದಂತೆ ಮಾಡಿದಾಗ, ಅಚ್ಚಿನ ನಡುವಿನ ಕೋಶಗಳು ಸತ್ತೇಹೋದವು. 2001ರಲ್ಲಿ ಬಂದ ಫಲಿತಾಂಶ ಇದು. ಕೋಶಗಳು ಆಮ್ಲಜನಕವನ್ನು ಅಳೆಯುವ ಈ ಬಗೆಯನ್ನು ಬಿಡಿಸಿ ತೋರಿಸಿದ್ದಕ್ಕೇ 2019ರಲ್ಲಿ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ ನೊಬೆಲ್ ಬಂತು.

ಸ್ವಲ್ಪ ದಿನದ ಮೇಲೆ ಆ ಮೃದ್ವಸ್ಥಿ ಕೋಶಗಳು ಹಿಗ್ಗಬೇಕು, ತಮ್ಮ ಸುತ್ತ ಸುಣ್ಣದ ಅಂಶ ಕೂರಿಸಬೇಕು, ಆಮೇಲೆ ಮೂಳೆಗೆ ಜಾಗ ಬಿಡಬೇಕು. ಈ ಹಿಗ್ಗುವ ಹಂತದಲ್ಲಿ ಕೋಶಗಳ ಒಳಗೆ ಆಕ್ಸಿಡೆಂಟ್‌ಗಳು, ಅಂದರೆ ಪೆರಾಕ್ಸೈಡ್‌ನಂಥವು, ಏರುತ್ತವೆ. ಅದು ಕಾಕತಾಳೀಯ ಅಲ್ಲ. 2007ರಲ್ಲಿ ಇಲಿಗಳಿಗೆ ಎನ್-ಅಸೆಟೈಲ್ ಸಿಸ್ಟೀನ್ ಅನ್ನೋ ಆಂಟಿಆಕ್ಸಿಡೆಂಟ್ ಕೊಟ್ಟು ನೋಡಿದಾಗ ಕೋಶಗಳು ಹಿಗ್ಗುವುದೇ ಕುಗ್ಗಿತು. ನಿಮಗೆ ಇದು ಯಾಕೆ ಮುಖ್ಯ ಗೊತ್ತಾ? ಪ್ಲಾಸ್ಟರ್ ಒಳಗೆ ಮೂಳೆ ಕೂಡುವಾಗ ಹೆಚ್ಚುಕಡಿಮೆ ಇದೇ ದಾರಿ ಮತ್ತೆ ನಡೆಯುತ್ತದೆ. ದೇಹ ಮೂಳೆ ಮಾಡಲು ಗರ್ಭದಲ್ಲಿ ಕಲಿತದ್ದನ್ನೇ ಮತ್ತೆ ಮಾಡುತ್ತದೆ.

ನಿಮ್ಮ ಮೂಳೆ ಮುರಿದ ದಿನ ಮೊದಲು ರಕ್ತ ಸುರಿದು ಹೆಪ್ಪುಗಟ್ಟಿತು. ಒಡೆದ ರಕ್ತನಾಳಗಳಿಂದಾಗಿ ಅಲ್ಲಿ ಆಮ್ಲಜನಕ ಕುಸಿಯಿತು. ಹಿಫ್ ಎದ್ದಿತು, ಹೊಸ ರಕ್ತನಾಳಗಳನ್ನು ಕರೆಯುವ ಪ್ರೊಟೀನ್‌ಗಳು ಹೊರಟವು. ಬಿಳಿ ರಕ್ತಕಣಗಳು ಓಡಿ ಬಂದವು. ಅವುಗಳಿಗೆ ಜಾಗ ಹೇಗೆ ಗೊತ್ತಾಗುತ್ತದೆ? ಜೀಬ್ರಾ ಮೀನಿನ ಮರಿಯ ಬಾಲದ ರೆಕ್ಕೆಯನ್ನು ಚೂರು ಕತ್ತರಿಸಿ ನೋಡಿದಾಗ ಇದಕ್ಕೊಂದು ಉತ್ತರ ಸಿಕ್ಕಿತು. ಗಾಯದ ಅಂಚಿನ ಕೋಶಗಳು ಕೆಲವೇ ನಿಮಿಷದಲ್ಲಿ ಪೆರಾಕ್ಸೈಡ್ ಬಿಡಲು ಶುರು ಮಾಡುತ್ತವೆ. ಸುಮಾರು 20 ನಿಮಿಷಕ್ಕೆ ಅದು ತುತ್ತತುದಿ ಮುಟ್ಟುತ್ತದೆ. ಗಾಯದ ಹತ್ತಿರ ಜಾಸ್ತಿ, ದೂರ ಹೋದಂತೆ ಕಡಿಮೆ. ಬಿಳಿ ಕಣಗಳು ಅದರ ಜಾಡು ಹಿಡಿದು ಬರುತ್ತವೆ. ಪೆರಾಕ್ಸೈಡ್ ತಯಾರಿಸುವ ಕಿಣ್ವವನ್ನು ತಡೆದರೆ ಅವು ಸರಿಯಾಗಿ ಬರುವುದಿಲ್ಲ. 2009ರ ಪ್ರಯೋಗ ಇದು. ಅಲ್ಲಿಯವರೆಗೆ ನಾವೆಲ್ಲ ಬಿಳಿ ಕಣ ಬಂದ ಮೇಲೆ ಪೆರಾಕ್ಸೈಡ್ ಬರುತ್ತದೆ ಅಂದುಕೊಂಡಿದ್ದೆವು. ನೋಡಿದರೆ ಪೆರಾಕ್ಸೈಡೇ ಮೊದಲು ಬಂದು ಕರೆಯುತ್ತಿತ್ತು.

ದೊಡ್ಡ ಜೀಬ್ರಾ ಮೀನಿನ ರೆಕ್ಕೆಯಲ್ಲಿ ಮೂಳೆಯ ಕಡ್ಡಿಗಳಿವೆ. ಕತ್ತರಿಸಿದರೆ ಮತ್ತೆ ಬೆಳೆಯುತ್ತವೆ. 2013ರಲ್ಲಿ ಕಂಡುಬಂದದ್ದು ಇಷ್ಟು: ಕತ್ತರಿಸಿದ ಮೇಲೆ ಹಲವು ಗಂಟೆಗಳ ಕಾಲ ಅಲ್ಲಿ ಆಕ್ಸಿಡೆಂಟ್‌ಗಳು ಮೇಲೆಯೇ ಇರುತ್ತವೆ, ಅವನ್ನು ಅದುಮಿದರೆ ರೆಕ್ಕೆ ಸರಿಯಾಗಿ ಬೆಳೆಯುವುದಿಲ್ಲ. ಮೀನು ಬೇರೆ ಮನುಷ್ಯ ಬೇರೆ, ಒಪ್ಪುತ್ತೇನೆ. ನಮ್ಮ ಕೈ ಕತ್ತರಿಸಿದರೆ ಮತ್ತೆ ಬೆಳೆಯಲ್ಲ. ಆದರೆ ಮೂಳೆಯ ವಿಷಯದಲ್ಲಿ ನಾವೂ ಸ್ವಲ್ಪ ಮೀನಿನ ಥರವೇ. ಚರ್ಮದ ಹಾಗೆ ಕಲೆ ಉಳಿಸದೆ, ಹಳೆಯ ಮೂಳೆಯಂಥದ್ದೇ ಮೂಳೆಯನ್ನು ಮತ್ತೆ ಕಟ್ಟಿಕೊಳ್ಳುತ್ತೇವೆ.

ಮೊದಲ ಕೆಲವು ದಿನದ ಈ ಗಲಾಟೆ ಇಳಿಯಲೇಬೇಕು. ಇಳಿಸುವ ಕೆಲಸದಲ್ಲಿ ಎನ್‌ಆರ್‌ಎಫ್2 ಅನ್ನೋ ಪ್ರೊಟೀನಿಗೆ ದೊಡ್ಡ ಪಾಲು. ಸಾಮಾನ್ಯವಾಗಿ ಅದನ್ನು ಕೀಪ್1 ಅನ್ನೋ ಇನ್ನೊಂದು ಪ್ರೊಟೀನ್ ಹಿಡಿದಿಟ್ಟುಕೊಂಡಿರುತ್ತದೆ. ಆಕ್ಸಿಡೆಂಟ್ ಜಾಸ್ತಿಯಾದಾಗ ಕೀಪ್1ರ ಸಿಸ್ಟೀನ್‌ಗಳು ಬದಲಾಗಿ ಹಿಡಿತ ತಪ್ಪುತ್ತದೆ. ಎನ್‌ಆರ್‌ಎಫ್2 ಜೀನ್‌ಗಳ ಹತ್ತಿರ ಹೋಗಿ ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳನ್ನೂ ಇನ್ನೂ ಹಲವು ರಕ್ಷಕರನ್ನೂ ಎಬ್ಬಿಸುತ್ತದೆ. ಎನ್‌ಆರ್‌ಎಫ್2 ಇಲ್ಲದ ಇಲಿಗಳಲ್ಲಿ ಮುರಿದ ಮೂಳೆ ಕೂಡುವುದು ಹಿಂದೆ ಬೀಳುತ್ತದೆ. ಹಾಗಾಗಿ ಆಕ್ಸಿಡೆಂಟ್ ಏರಬೇಕು ಅನ್ನೋದು ಎಷ್ಟು ನಿಜವೋ ಹೊತ್ತಿಗೆ ಸರಿಯಾಗಿ ಇಳಿಯಬೇಕು ಅನ್ನೋದೂ ಅಷ್ಟೇ ನಿಜ. ಮುರಿದ ಜಾಗದಲ್ಲಿರುವ ಮೂಲಕೋಶಗಳು ಮೂಳೆ ಕಟ್ಟುವ ಕೋಶಗಳಾಗಿ ಬದಲಾಗುವಾಗಲೂ ಇದೇ ಆಟ. ಆಗ ಅವು ಆಮ್ಲಜನಕವನ್ನು ಜಾಸ್ತಿ ಬಳಸತೊಡಗುತ್ತವೆ, ಜೊತೆಗೆ ತಮ್ಮ ಆಂಟಿಆಕ್ಸಿಡೆಂಟ್ ಕಿಣ್ವಗಳನ್ನೂ ತಾವೇ ಹೆಚ್ಚಿಸಿಕೊಳ್ಳುತ್ತವೆ. ಹೊರಗಿನಿಂದ ಪೆರಾಕ್ಸೈಡ್ ಸುರಿದರೆ ಈ ಬದಲಾವಣೆ ನಿಂತುಹೋಗುತ್ತದೆ.

ನೀವು ಐದನೇ ವಾರದಲ್ಲಿದ್ದೀರಿ. ಲೆಕ್ಕದ ಪ್ರಕಾರ ಮೆತ್ತನೆಯ ಮೃದ್ವಸ್ಥಿಯ ಸೇತುವೆ ಗಟ್ಟಿ ಮೂಳೆಯಾಗಿ ತಿರುಗುತ್ತಿರುವ ಹೊತ್ತು. ಈಗ ಬಹಳ ಬೇಕಾಗಿರುವುದು ಮೂಳೆಗೆ ಹಂದರವಾಗುವ ಕೊಲಾಜೆನ್ ಅನ್ನೋ ಪ್ರೊಟೀನ್, ಇಲ್ಲೇ ವಿಟಮಿನ್ ಸಿ ಬರುತ್ತದೆ. ‘ಹಾಗಾದರೆ ಆಂಟಿಆಕ್ಸಿಡೆಂಟ್ ಬೇಕು ಅಂತಾಯ್ತಲ್ಲ’ ಅಂತ ನಿಮ್ಮ ಗೆಳೆಯರು ಅನ್ನಬಹುದು. ಸ್ವಲ್ಪ ತಡೆಯಿರಿ.

1740ರಲ್ಲಿ ಜಾರ್ಜ್ ಆನ್ಸನ್ ಅನ್ನೋ ಇಂಗ್ಲಿಷ್ ನೌಕಾಧಿಕಾರಿ ಹಡಗುಗಳ ಒಂದು ದಂಡು ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ರೋಗ, ಬಂದು ಜನ ಗುಂಪುಗುಂಪಾಗಿ ಸತ್ತರು. ಆ ಯಾನದ ದಾಖಲೆಯಲ್ಲಿ ಹಡಗಿನಲ್ಲಿದ್ದ ಒಬ್ಬ ಮುದುಕ ಸೈನಿಕನ ವಿಷಯ ಬರುತ್ತದೆ. ಸುಮಾರು ಐವತ್ತು ವರ್ಷಗಳ ಹಿಂದೆ, ಐರ್ಲೆಂಡಿನ 1690ರ ಬಾಯ್ನ್ ಕದನದಲ್ಲಿ ಅವನಿಗೆ ಗಾಯವಾಗಿತ್ತು, ಮೂಳೆಯೂ ಮುರಿದಿತ್ತು. ಎರಡೂ ಯಾವಾಗಲೋ ವಾಸಿಯಾಗಿದ್ದವು. ಸ್ಕರ್ವಿ ಬಂದ ಮೇಲೆ ಹಳೆಯ ಗಾಯಗಳು ಬಾಯಿ ಬಿಟ್ಟವು. ಕೂಡಿಕೊಂಡಿದ್ದ ಮೂಳೆ ಕೂಡಿದ ಜಾಗದಲ್ಲೇ ಬಿಟ್ಟುಕೊಂಡಿತು, ಎಂದೂ ಕೂಡಿಯೇ ಇರಲಿಲ್ಲವೇನೋ ಅನ್ನೋ ಹಾಗೆ. ಮೂಳೆಯ ಬಗ್ಗೆ ನಾನು ಓದಿದ ಘಟನೆಗಳಲ್ಲಿ ಇದರಷ್ಟು ಮೈ ಜುಮ್ಮೆನ್ನಿಸಿದ್ದು ಇನ್ನೊಂದಿಲ್ಲ.

ಹೀಗಾಗಲು ಕಾರಣ ಕೊಲಾಜೆನ್. ಅದು ಮೂರು ಎಳೆಯ ಹಗ್ಗ. ಹಗ್ಗ ಬಿಗಿಯಾಗಲು ಪ್ರೋಲೈನ್ ಅನ್ನೋ ಅಮೈನೋ ಆಮ್ಲಕ್ಕೆ ಒಂದು ಆಮ್ಲಜನಕದ ಪರಮಾಣು ಸೇರಬೇಕು. ಸೇರಿಸುವ ಕಿಣ್ವದ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಪರಮಾಣು ಇದೆ. ಅದು ಎರಡು ಎಲೆಕ್ಟ್ರಾನ್ ಮಾತ್ರ ಕಳೆದುಕೊಂಡ ಸ್ಥಿತಿಯಲ್ಲಿರಬೇಕು. ಮೂರನೆಯದೂ ಹೋಯಿತು ಅಂದರೆ ಕಿಣ್ವ ಸ್ತಬ್ಧ. ವಿಟಮಿನ್ ಸಿ ಆ ಕಳೆದುಹೋದ ಎಲೆಕ್ಟ್ರಾನನ್ನು ವಾಪಸ್ ಕೊಡುತ್ತದೆ. ಇದು ಅಪ್ಪಟ ರೆಡಾಕ್ಸ್ ಕೆಲಸವೇ. ಆದರೆ ಫ್ರೀ ರಾಡಿಕಲ್ ಗುಡಿಸುವ ಕೆಲಸವಲ್ಲ. ಅದೂ ಅಲ್ಲದೆ ಕಿಣ್ವಕ್ಕೆ ಬೇಕಾದಷ್ಟು ಸಿಕ್ಕ ಮೇಲೆ ಹತ್ತು ಪಟ್ಟು ಸುರಿದರೆ ಹತ್ತು ಪಟ್ಟು ಕೊಲಾಜೆನ್ ಬರಲ್ಲ. ತಮಾಷೆ ಏನಂದರೆ ಹಿಫ್ ಪ್ರೊಟೀನನ್ನು ನಾಶಕ್ಕೆ ಗುರುತು ಮಾಡುವ ಕಿಣ್ವವೂ ಇದೇ ಕುಟುಂಬದ್ದು. ಅದಕ್ಕೂ ಕಬ್ಬಿಣ ಬೇಕು, ಆಮ್ಲಜನಕ ಬೇಕು.

ಹಗ್ಗಗಳನ್ನು ಒಂದಕ್ಕೊಂದು ಹೆಣೆಯುವ ಕೆಲಸ ಇನ್ನೂ ಉಳಿಯಿತು. ಅದನ್ನು ಮಾಡುವುದು ಲೈಸಿಲ್ ಆಕ್ಸಿಡೇಸ್, ತಾಮ್ರ ಇರುವ ಕಿಣ್ವ. ಪ್ರತಿ ಸಲ ಕೆಲಸ ಮಾಡಿದಾಗಲೂ ಅದು ಒಂದು ಅಣು ಹೈಡ್ರೋಜನ್ ಪೆರಾಕ್ಸೈಡ್ ಹೊರಗೆ ಹಾಕುತ್ತದೆ. ಅಂದರೆ ಮೂಳೆ ಗಟ್ಟಿಯಾಗುವ ಪ್ರತಿ ಹೆಣಿಗೆಯ ಜೊತೆ ಒಂದಿಷ್ಟು ‘ವಿಷ’ ಹುಟ್ಟುತ್ತಲೇ ಇರುತ್ತದೆ.

ಇನ್ನು ಮೂಳೆ ತಿನ್ನುವ ಕೋಶಗಳು, ಆಸ್ಟಿಯೋಕ್ಲಾಸ್ಟ್. ಹೆಸರು ಕೇಳಿ ಬೈಯಬೇಡಿ. ಒಡ್ಡೊಡ್ಡಾಗಿ ಕೂಡಿದ ಮೂಳೆಯನ್ನು ಕೆತ್ತಿ ನೆಟ್ಟಗೆ ಮಾಡುವವು ಇವೇ. ಇವು ಹುಟ್ಟಬೇಕಾದರೆ ರ‍್ಯಾಂಕ್‌ಎಲ್ ಅನ್ನೋ ಸಂಕೇತ ಬೇಕು. ಆ ಸಂಕೇತ ಬಂದ ಕೂಡಲೇ ಕೋಶದ ಒಳಗೆ ನಾಕ್ಸ್ ಕಿಣ್ವ ಕೆಲಸ ಶುರು ಮಾಡಿ ಆಕ್ಸಿಡೆಂಟ್ ತಯಾರಿಸುತ್ತದೆ. ಅದನ್ನು ತಡೆದರೆ ಮೂಳೆ ತಿನ್ನುವ ಕೋಶ ಸರಿಯಾಗಿ ತಯಾರಾಗುವುದಿಲ್ಲ. ಆಕ್ಸಿಡೆಂಟ್ ಜಾಸ್ತಿ ಆದರೆ ಈ ಕೋಶಗಳೂ ಜಾಸ್ತಿ. ಅದೇ ಹೊತ್ತಿಗೆ ಮೂಳೆ ಕಟ್ಟುವ ಕೋಶಗಳಲ್ಲಿ ಬೀಟಾ-ಕ್ಯಾಟೆನಿನ್ ಅನ್ನೋ ಪ್ರೊಟೀನ್ ಕಟ್ಟುವ ಕೆಲಸ ಬಿಟ್ಟು, ಆತ್ಮರಕ್ಷಣೆ ನೋಡಿಕೊಳ್ಳುವ ಫಾಕ್ಸೋ ಪ್ರೊಟೀನ್‌ಗಳ ಜೊತೆ ಸೇರಿಕೊಳ್ಳುತ್ತದೆ. ಒಂದು ಕಡೆ ತಿನ್ನುವುದು ಹೆಚ್ಚಿತು, ಇನ್ನೊಂದು ಕಡೆ ಕಟ್ಟುವುದು ತಗ್ಗಿತು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಮೂಳೆ ಸವೆಯುವುದಕ್ಕೆ ಇದೂ ಒಂದು ಕಾರಣ ಅಂತ ಹೇಳುವುದಕ್ಕೆ ಆಧಾರವಿದೆ. ಅಂಡಾಶಯ ತೆಗೆದ ಇಲಿಗಳ ಮೂಳೆಯಲ್ಲಿ ಗ್ಲುಟಾಥಯೋನ್ ಕುಸಿಯುತ್ತದೆ, ಆಂಟಿಆಕ್ಸಿಡೆಂಟ್ ಕೊಟ್ಟರೆ ಮೂಳೆ ಉಳಿಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲೂ ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರಿದವರಲ್ಲೂ ಮೂಳೆ ಸೊರಗುವುದರಲ್ಲಿ ಆಕ್ಸಿಡೆಂಟ್‌ಗಳ ಪಾಲಿದೆ. ಗೆಳೆಯರ ಮಾತಿಗೆ ಬಲ ಸಿಗುವುದು ಇಲ್ಲಿ.

ಹಾಗಂತ ಮಾತ್ರೆ ನುಂಗಿದರೆ ಅದು ಬೇಕಾದ ಕೋಶಕ್ಕೆ, ಬೇಕಾದ ದಿನ, ಬೇಕಾದಷ್ಟೇ ಹೋಗುತ್ತದಾ? ಇಲ್ಲ. ವಿಟಮಿನ್ ಇ ನೋಡಿ. ಎಲ್ಲರೂ ಒಳ್ಳೆಯದು ಅನ್ನುವ ಆಂಟಿಆಕ್ಸಿಡೆಂಟ್. 2012ರಲ್ಲಿ ಗೊತ್ತಾದದ್ದೇನೆಂದರೆ, ಇಲಿಗಳಿಗೆ ಅದನ್ನು ಜಾಸ್ತಿ ಕೊಟ್ಟರೆ ಮೂಳೆ ಕಡಿಮೆಯಾಗುತ್ತದೆ! ಮೂಳೆ ತಿನ್ನುವ ಕೋಶಗಳು ಒಂದಕ್ಕೊಂದು ಸೇರಿ ದೊಡ್ಡದಾಗಲು ಅದು ನೆರವಾಗುತ್ತದೆ, ಅದೂ ತನ್ನ ಆಂಟಿಆಕ್ಸಿಡೆಂಟ್ ಗುಣಕ್ಕೆ ಸಂಬಂಧವೇ ಇಲ್ಲದ ದಾರಿಯಲ್ಲಿ. ಮನುಷ್ಯರಲ್ಲಿ ವಿಟಮಿನ್ ಇ ಮಾತ್ರೆಯ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2011ರಲ್ಲಿ ಬಂತು. ಅದರಲ್ಲಿ ಮಾತ್ರೆ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು.

ವಿಟಮಿನ್ ಸಿ ಮಾತ್ರೆಯನ್ನು ಮುರಿತದವರ ಮೇಲೆಯೇ ಪರೀಕ್ಷಿಸಿದ್ದಾರೆ. ಮಣಿಕಟ್ಟಿನ ಮೂಳೆ ಮುರಿದವರಿಗೆ ದಿನಕ್ಕೆ 500 ಮಿಲಿಗ್ರಾಂನಂತೆ 50 ದಿನ ಕೊಟ್ಟಾಗ, ಆಮೇಲೆ ಕಾಡುವ ಒಂದು ಬಗೆಯ ಹಟಮಾರಿ ನೋವು ಕಡಿಮೆಯಾಯಿತು ಅಂತ 1999ರಲ್ಲಿ ವರದಿಯಾಯಿತು. 2014ರ ಇನ್ನೊಂದು ಪರೀಕ್ಷೆಯಲ್ಲಿ ಅಂಥ ಲಾಭ ಕಾಣಲಿಲ್ಲ. ಇದೂ ನೋವಿನ ವಿಷಯವಾಯಿತೇ ಹೊರತು, ಮೂಳೆ ಬೇಗ ಕೂಡಿತು ಅಂತ ಅಲ್ಲ. ಹಣ್ಣು ತರಕಾರಿ ತಿನ್ನಿ. ವಿಟಮಿನ್ ಕೊರತೆ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ ಅದನ್ನು ತುಂಬಿಸಿಕೊಳ್ಳಿ. ಅದರಾಚೆಗಿನ ಡಬ್ಬಿಗಳಿಗೆ ನನ್ನ ಮಟ್ಟಿಗೆ ಕಾರಣ ಕಾಣುತ್ತಿಲ್ಲ.

ಈಗ ಸಿಗರೇಟು. ನೀವು ಪ್ರಶ್ನೆಯ ಬಾಲಕ್ಕೆ ಕಟ್ಟಿದ್ದೀರಿ, ನನಗೆ ಅದೇ ಮೊದಲ ಸಾಲು ಅನ್ನಿಸಿತು. ಹೊಗೆಯ ಪ್ರತಿ ದಮ್ಮಿನಲ್ಲೂ ಲೆಕ್ಕವಿಲ್ಲದಷ್ಟು ರಾಡಿಕಲ್‌ಗಳಿರುತ್ತವೆ. ಇವು ನಾಕ್ಸ್ ತಯಾರಿಸಿದಂಥವಲ್ಲ. ಎಲ್ಲಿ ಬೇಕೋ ಅಲ್ಲಿ ಹುಟ್ಟಿ, ಕೆಲಸ ಮುಗಿಸಿ ಹೋಗುವಂಥವಲ್ಲ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಳ್ಳುತ್ತದೆ, ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ನಿಮ್ಮದು ಮೊಣಕಾಲಿನ ಕೆಳಗಿನ ಮೂಳೆ ಬೇರೆ. ಮುಂಭಾಗದಲ್ಲಿ ಅದರ ಮೇಲೆ ಮಾಂಸವೇ ಇಲ್ಲ, ಚರ್ಮ ಮಾತ್ರ, ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ರಕ್ತ ಮೊದಲೇ ಕಡಿಮೆ ಬರುವ ಜಾಗ. ಸೇದುವವರಲ್ಲಿ ಈ ಮೂಳೆ ತಡವಾಗಿ ಕೂಡುವುದನ್ನು ಮೂಳೆ ವೈದ್ಯರು ಮತ್ತೆ ಮತ್ತೆ ನೋಡಿದ್ದಾರೆ.

‘ಸೇದುತ್ತೇನೆ, ಅದಕ್ಕೇ ಆಂಟಿಆಕ್ಸಿಡೆಂಟ್ ತಗೊಂಡು ಸರಿದೂಗಿಸುತ್ತೇನೆ’ ಅನ್ನೋ ಯೋಚನೆ ಬಂದರೆ ಬಿಟ್ಟುಬಿಡಿ. ಮೊದಲಿಗೆ ಹೇಳಿದ್ದ ಆ ಮಾತ್ರೆ ಬೀಟಾ-ಕ್ಯಾರೋಟಿನ್. ಫಿನ್‌ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ಅದನ್ನು ಪರೀಕ್ಷಿಸಿದ್ದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿ ಅಂತ ಕೊಟ್ಟದ್ದು. 1994ರಲ್ಲಿ ಫಲಿತಾಂಶ ಬಂದಾಗ ನೋಡಿದರೆ ಮಾತ್ರೆ ತಗೊಂಡವರಲ್ಲೇ ಆ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಇತ್ತು. ನಿಮ್ಮ ಗೆಳೆಯರು ಹೇಳುವ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಈ ಹೆಸರು ಇದೆಯಾ ನೋಡಿ.

ಮುಂದಿನ ಎಕ್ಸ್-ರೇಗೆ ಹೋದಾಗ ದಿನಕ್ಕೆ ನಾಲ್ಕೈದು ಸೇದುತ್ತೇನೆ ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಬಿಡಲು ಸಹಾಯ ಕೇಳಿ. ರಕ್ತದಲ್ಲಿ ಸಕ್ಕರೆ ಮತ್ತು ವಿಟಮಿನ್ ಡಿ ನೋಡಬೇಕಾ ಅಂತಲೂ ಕೇಳಿ. ಕಾಲಿನ ಮೇಲೆ ಭಾರ ಯಾವಾಗಿನಿಂದ ಹಾಕಬಹುದು ಅಂತ ಕೇಳಲು ಮರೆಯಬೇಡಿ. ಮೂಳೆಯ ಒಳಗೆ ಹುದುಗಿರುವ ಆಸ್ಟಿಯೋಸೈಟ್ ಕೋಶಗಳಿಗೆ ಭಾರದ ಒತ್ತಡ ತಾಗಿದಾಗ ಅವು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ‘ಇಲ್ಲಿ ಮೂಳೆ ಬೇಕು’ ಅನ್ನೋ ಸುದ್ದಿ ಸುತ್ತಮುತ್ತ ಹೋಗುತ್ತದೆ. ಅದೂ ರೆಡಾಕ್ಸ್ ಸುದ್ದಿಯೇ, ಆದರೆ ಅದಕ್ಕೆ ಮಾತ್ರೆ ಬೇಡ, ವೈದ್ಯರು ಹೂಂ ಅಂದ ದಿನದಿಂದ ಊರುಗೋಲು ಹಿಡಿದು ನಿಧಾನಕ್ಕೆ ನಡೆದರೆ ಆಯಿತು.